ಪ್ರಾಯೋಜಕರು ಒಬ್ಬರೇ, ಸ್ವಯಂಸೇವಕರು ಆರೇ ಜನ: ಸಮ್ಮೇಳನ ನಡೆಸುವುದು ಹೇಗೆ?

ಪ್ರಶ್ನೆ: ನಾನು ಕೃಷಿ ಶಿಕ್ಷಕರ ಸಂಘವೊಂದರ ಕಾರ್ಯದರ್ಶಿ. ಇನ್ನು ಏಳು ತಿಂಗಳಿಗೆ ನಮ್ಮ ಸಮ್ಮೇಳನ ಇದೆ. ಎರಡು ದಿನ, ಸುಮಾರು 300 ಜನ. ನೋಂದಣಿ ಶುಲ್ಕದಿಂದ ಅರ್ಧ ಖರ್ಚು ಮಾತ್ರ ಹುಟ್ಟುತ್ತದೆ. ಪ್ರಾಯೋಜಕತ್ವ ಕೇಳಿ 60 ಕಂಪನಿಗಳಿಗೆ ಪತ್ರ ಬರೆದೆವು. ನಾಲ್ಕು ಉತ್ತರ ಬಂದವು. ಮೂರರಲ್ಲಿ ‘ಈ ಸಲ ಆಗುವುದಿಲ್ಲ’ ಎಂದಿತ್ತು. ನಾಲ್ಕನೆಯದು ದೊಡ್ಡ ಕೀಟನಾಶಕ ಕಂಪನಿ. ಉಳಿದ ಅರ್ಧ ಖರ್ಚನ್ನು ಪೂರ್ತಿ ಕೊಡುತ್ತಾರಂತೆ. ಬದಲಿಗೆ ಕೀಟ ನಿರ್ವಹಣೆಯ ಗೋಷ್ಠಿಯಲ್ಲಿ ಅವರದೇ ಉಪನ್ಯಾಸಕರು ಮಾತಾಡಬೇಕು, ಬಂದವರ ಫೋನ್ ನಂಬರಿನ ಪಟ್ಟಿ ಕೊಡಬೇಕು, ಸಮ್ಮೇಳನದ ಹೆಸರಿನ ಜೊತೆ ಅವರ ಹೆಸರು ಇರಬೇಕು. ನಮ್ಮ ಸಮಿತಿಯಲ್ಲಿ ಅರ್ಧ ಜನ ‘ಸುಮ್ನೆ ತಗೊಳ್ಳೋಣ’ ಎನ್ನುತ್ತಾರೆ, ಇನ್ನರ್ಧ ಜನ ‘ಕಂಪನಿ ದುಡ್ಡೇ ಬೇಡ’ ಎನ್ನುತ್ತಾರೆ. ಸ್ವಯಂಸೇವಕರ ಕಥೆಯೂ ಇದೇ. 240 ಸದಸ್ಯರ ವಾಟ್ಸಾಪ್ ಗುಂಪಿಗೆ ಮೆಸೇಜ್ ಹಾಕಿದೆ. ಹೆಬ್ಬೆರಳು ಒತ್ತಿದವರು ಐವತ್ತಕ್ಕೂ ಜಾಸ್ತಿ, ಹೆಸರು ಕೊಟ್ಟವರು ಆರು. ಕಳೆದ ಸಲ ಇಬ್ಬರೇ ಎಲ್ಲವನ್ನೂ ಹೊತ್ತರು. ಅವರಲ್ಲೊಬ್ಬರು ‘ಇನ್ನು ನನ್ನನ್ನು ಕರೆಯಬೇಡಿ’ ಎಂದುಬಿಟ್ಟಿದ್ದಾರೆ. ಈಗಿನವರಿಗೆ ಸಂಘದ ಮೇಲೆ ಪ್ರೀತಿ ಇಲ್ಲ. ಸ್ವಲ್ಪ ದುಡ್ಡು ಕೊಟ್ಟರೆ ಜನ ಬರುತ್ತಾರಾ? ವಿದ್ಯಾರ್ಥಿಗಳನ್ನು ಕರೆಯೋಣವೇ? ನಾವು ಕಳಿಸಿದ ಪತ್ರ, ಮೆಸೇಜ್, ಆ 60 ಕಂಪನಿಗಳ ಪಟ್ಟಿ ಎಲ್ಲವನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಮೇಡಂ, ನಿಮ್ಮ ಪತ್ರವನ್ನೂ ಮೆಸೇಜನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಎರಡರಲ್ಲೂ ಒಂದೇ ವಾಕ್ಯ ಇದೆ: ‘ತಮ್ಮ ಕೈಲಾದ ಸಹಾಯ ಮಾಡಬೇಕಾಗಿ ವಿನಂತಿ.’ ಓದಿದವರಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು, ಯಾವತ್ತು ಬರಬೇಕು ಒಂದೂ ತಿಳಿಯುವುದಿಲ್ಲ. ಹಾಗಾಗಿ ಅವರು ಒಳ್ಳೆಯ ಮನಸ್ಸಿನಿಂದಲೇ ಹೆಬ್ಬೆರಳು ಒತ್ತಿ ಮುಂದಕ್ಕೆ ಹೋಗುತ್ತಾರೆ. ನಿಮಗೆ ಎರಡು ತೊಂದರೆ ಇರುವಂತೆ ಕಾಣುತ್ತಿದೆ. ನನ್ನ ಅನುಭವದಲ್ಲಿ ಎರಡರ ಬೇರೂ ಒಂದೇ: ಏನು ಬೇಕು ಎಂದು ನೀವೇ ಇನ್ನೂ ಬಿಡಿಸಿ ಬರೆದುಕೊಂಡಿಲ್ಲ. ಏನು ಕೊಡಲಾರೆವು ಎಂದೂ ಬರೆದುಕೊಂಡಿಲ್ಲ.

ಮೊದಲು ಆ ಕೀಟನಾಶಕ ಕಂಪನಿಯ ವಿಷಯ. ಸಮಿತಿಯನ್ನು ಒಡೆದಿರುವುದು ಅದೇ.

‘ಸುಮ್ನೆ ತಗೊಳ್ಳೋಣ’ ಎನ್ನುವವರ ನಂಬಿಕೆ ಏನಿರಬಹುದು? ನಾವು ಓದಿದವರು, ಪಾಠ ಮಾಡುವವರು, ಒಂದು ಊಟ, ಒಂದು ಚೀಲಕ್ಕೆ ನಮ್ಮ ಅಭಿಪ್ರಾಯ ಬದಲಾಗುವುದಿಲ್ಲ ಎಂದು. ವೈದ್ಯರೂ ಹೀಗೇ ಅಂದುಕೊಂಡಿದ್ದರು. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಔಷಧ ಕಂಪನಿಗಳು ಒಂದು ಆಸ್ಪತ್ರೆಯ ವೈದ್ಯರನ್ನು ತಮ್ಮ ಖರ್ಚಿನಲ್ಲಿ ಪ್ರವಾಸಿ ತಾಣದ ವಿಚಾರ ಸಂಕಿರಣಗಳಿಗೆ ಕರೆದುಕೊಂಡು ಹೋಗಿದ್ದವು. ಹೋಗುವ ಮೊದಲು ಕೇಳಿದಾಗ ಹೆಚ್ಚಿನವರು ‘ಇದರಿಂದ ನಾವು ಬರೆಯುವ ಔಷಧ ಚೀಟಿ ಬದಲಾಗದು’ ಎಂದಿದ್ದರು. ಬಂದ ಮೇಲೆ ಆ ಆಸ್ಪತ್ರೆಯಲ್ಲಿ ಸಂಕಿರಣಗಳಲ್ಲಿ ಪ್ರಚಾರ ಮಾಡಿದ್ದ ಎರಡೂ ಔಷಧಗಳ ಬಳಕೆ ಎದ್ದು ಕಾಣುವಷ್ಟು ಏರಿತ್ತು. ಆ ವೈದ್ಯರು ಕೆಟ್ಟವರೇನಲ್ಲ. ಕೊಟ್ಟವರ ಋಣ ಗೊತ್ತಿಲ್ಲದ ಹಾಗೆ ಕೆಲಸ ಮಾಡುತ್ತದೆ, ಅಷ್ಟೆ.

ನಮ್ಮ ವೃತ್ತಿಯಲ್ಲಿ ಇದು ಇನ್ನೂ ದೊಡ್ಡ ಮಾತು. ಒಬ್ಬ ಶಿಕ್ಷಕರ ಮುಂದೆ ವರ್ಷಕ್ಕೆ 40 ಮಕ್ಕಳು ಕೂರುತ್ತಾರೆ ಎಂದುಕೊಳ್ಳಿ. 300 ಶಿಕ್ಷಕರೆಂದರೆ 12,000 ಮಕ್ಕಳಾಯಿತು. ನಾಳೆ ಹೊಲಕ್ಕೆ ಏನು ಹೊಡೆಯಬೇಕು, ಹೊಡೆಯಬೇಕೋ ಬೇಡವೋ ಎಂದು ತೀರ್ಮಾನ ಮಾಡುವವರು ಅವರು. ಕಂಪನಿಯ ಕಣ್ಣಿರುವುದು ಆ ಮಕ್ಕಳ ಮೇಲೆ. ಅದು ಅವರ ವ್ಯಾಪಾರ, ತಪ್ಪು ಹೇಳಲಾರೆ. ಆದರೆ ಮಕ್ಕಳನ್ನು ನಂಬಿ ಕೊಟ್ಟಿರುವುದು ನಮ್ಮ ಕೈಗೆ.

ಕೀಟ ನಿರ್ವಹಣೆಯ ಪಾಠದ ಜೀವಾಳ ಏನು? ಯಾವಾಗ ಹೊಡೆಯಬಾರದು ಎಂದು ತಿಳಿಯುವುದು. 1959ರಲ್ಲಿ ಕ್ಯಾಲಿಫೋರ್ನಿಯಾದ ಕೀಟಶಾಸ್ತ್ರಜ್ಞರು ಆರ್ಥಿಕ ನಷ್ಟದ ಮಟ್ಟ ಎಂಬ ಲೆಕ್ಕವನ್ನು ಮುಂದಿಟ್ಟರು. ಹುಳ ಕಂಡ ಕೂಡಲೇ ಔಷಧಿಗೆ ಕೈ ಹಾಕಬೇಡಿ. ಎಣಿಸಿ ನೋಡಿ. ಹುಳದಿಂದ ಆಗುವ ನಷ್ಟ ಹತೋಟಿಯ ಖರ್ಚನ್ನು ಮೀರುವ ಹಾಗಿದ್ದರೆ ಮಾತ್ರ ಮುಂದುವರಿಯಿರಿ. ಈ ಮಾತನ್ನು ಒಂದು ಗಂಟೆ ಮನಸ್ಸಿಟ್ಟು ಹೇಳುವುದು ಔಷಧಿ ಮಾರುವ ಕಂಪನಿಯ ಉಪನ್ಯಾಸಕರಿಗೆ ಕಷ್ಟ, ಅಲ್ವಾ? ಅವರು ಸುಳ್ಳು ಹೇಳದೇ ಇರಬಹುದು. ಹೇಳದೇ ಬಿಡುವುದರಲ್ಲೇ ಎಲ್ಲವೂ ಇರುತ್ತದೆ. ಅದಕ್ಕೇ ಹೇಳುತ್ತೇನೆ, ಆ ಗೋಷ್ಠಿಯನ್ನು ಕೊಡಬೇಡಿ. ಬೇರೆ ಯಾವ ಗೋಷ್ಠಿಯನ್ನು ಕೊಟ್ಟರೂ ಅದನ್ನು ಕೊಡಬೇಡಿ ಎನ್ನುವಷ್ಟು ಖಚಿತವಾಗಿ ಹೇಳುತ್ತೇನೆ.

ಹಾಗಂತ ‘ಕಂಪನಿ ದುಡ್ಡೇ ಬೇಡ’ ಎನ್ನುವವರ ಜೊತೆಗೂ ನಾನಿಲ್ಲ. ದುಡ್ಡು ಬೇಡವೆಂದರೆ ನೋಂದಣಿ ಶುಲ್ಕ ಎರಡರಷ್ಟಾಗುತ್ತದೆ. ಆಗ ತಪ್ಪಿಸಿಕೊಳ್ಳುವವರು ಯಾರು? ಈಗಷ್ಟೇ ಕೆಲಸಕ್ಕೆ ಸೇರಿದವರು, ದೂರದ ಶಾಲೆಯವರು. ಸಮ್ಮೇಳನ ಯಾರಿಗೆ ಜಾಸ್ತಿ ಬೇಕೋ ಅವರೇ ಬರಲಾಗುವುದಿಲ್ಲ. ಅಮೆರಿಕದಲ್ಲಿ ವೈದ್ಯರ ಮುಂದುವರಿದ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಮಂಡಳಿ 1992ರಲ್ಲಿ ಇದಕ್ಕೊಂದು ನಿಯಮಾವಳಿ ಮಾಡಿತು. ಕಂಪನಿಯ ಹಣ ಬರಬಹುದು, ಆದರೆ ವಿಷಯವನ್ನೂ ಉಪನ್ಯಾಸಕರನ್ನೂ ಕಂಪನಿ ಆರಿಸುವಂತಿಲ್ಲ. ಹಣಕ್ಕೂ ಪಾಠಕ್ಕೂ ನಡುವೆ ಒಂದು ಗೋಡೆ. ನಮಗೂ ಅದು ಒಗ್ಗುತ್ತದೆ.

ಈ ಗೋಡೆಯನ್ನು ಹಣ ಕೇಳುವ ಮೊದಲೇ ಕಟ್ಟಬೇಕು. ಹಣ ಮೇಜಿನ ಮೇಲೆ ಬಂದ ಮೇಲೆ ಯಾವ ಸಮಿತಿಯೂ ನೆಟ್ಟಗೆ ಯೋಚಿಸುವುದಿಲ್ಲ, ನಿಮ್ಮಲ್ಲಿ ಈಗ ಆಗಿರುವುದು ಅದೇ. ಅರ್ಧ ಪುಟ ಸಾಕು. ಯಾವ ಗೋಷ್ಠಿಯ ವಿಷಯ, ಉಪನ್ಯಾಸಕರು ಮಾರಾಟಕ್ಕಿಲ್ಲ. ಸದಸ್ಯರ ನಂಬರ್ ಮಾರಾಟಕ್ಕಿಲ್ಲ. ಸಮ್ಮೇಳನದ ಹೆಸರು ಮಾರಾಟಕ್ಕಿಲ್ಲ. ಮಕ್ಕಳಿಗೆ ಹಂಚುವ ಪಾಠದ ಸಾಮಗ್ರಿಯ ಮೇಲೆ ಯಾರ ಉತ್ಪನ್ನದ ಹೆಸರೂ ಇರುವುದಿಲ್ಲ. ಸಮಿತಿಯ ಎಲ್ಲರೂ ಸಹಿ ಹಾಕಿ. ಆಮೇಲೆ ಬರುವ ಪ್ರತಿ ಪ್ರಾಯೋಜಕರಿಗೂ, ಬೀಜದವರಿರಲಿ, ಬ್ಯಾಂಕಿನವರಿರಲಿ, ಪುಸ್ತಕದವರಿರಲಿ, ಇದೇ ಕಾಗದ ತೋರಿಸಿ. ಒಂದು ಕಂಪನಿಗೆ ಮಾತ್ರ ನಿಯಮ ಹೇಳಿದರೆ ಅವಮಾನ ಆಗುತ್ತದೆ. ಎಲ್ಲರಿಗೂ ಹೇಳಿದರೆ ಅದು ಸಂಘದ ಪದ್ಧತಿ.

ಹೆಸರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2020ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೇ ಕೀಟನಾಶಕ ಕಂಪನಿಗಳ ಒಕ್ಕೂಟವಾದ ಕ್ರಾಪ್‌ಲೈಫ್ ಇಂಟರ್‌ನ್ಯಾಷನಲ್ ಜೊತೆ ಸಹಕಾರದ ಪತ್ರಕ್ಕೆ ಸಹಿ ಹಾಕಿತು. ಕೆಲವೇ ವಾರಗಳಲ್ಲಿ ನೂರಾರು ಸಂಘಟನೆಗಳು, ವಿಜ್ಞಾನಿಗಳು ಅದನ್ನು ವಿರೋಧಿಸಿ ಪತ್ರ ಬರೆದರು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ, ನಿಮ್ಮ ಸಂಘ ಮುಂದಿನ ಹತ್ತು ವರ್ಷ ಇದಕ್ಕೆ ಉತ್ತರ ಹೇಳುತ್ತಾ ಕೂರಬೇಕಾಗುತ್ತದೆ.

ಫೋನ್ ನಂಬರಿಗೆ ಬರೋಣ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ನಂಬರ್ ಕೊಡುವುದು ಈಗ ಎಷ್ಟೋ ದೇಶಗಳಲ್ಲಿ ಕಾನೂನಿಗೇ ವಿರುದ್ಧ. ಅದಕ್ಕಿಂತ ಮುಖ್ಯವಾದದ್ದು, ಸದಸ್ಯರು ನಂಬರ್ ಕೊಟ್ಟದ್ದು ನಿಮ್ಮನ್ನು ನಂಬಿ. ಕಂಪನಿಯ ಮಳಿಗೆಯಲ್ಲಿ ಒಂದು ಪುಸ್ತಕ ಇಡಲಿ, ಮನಸ್ಸಿದ್ದವರು ತಾವೇ ಬರೆಯುತ್ತಾರೆ. 300 ನಂಬರಿಗಿಂತ ಹಾಗೆ ಬಂದ 40 ನಂಬರಿನಿಂದಲೇ ಅವರಿಗೂ ಜಾಸ್ತಿ ಉಪಯೋಗ. ಇದನ್ನು ಅವರಿಗೆ ಹೇಳಿ ನೋಡಿ, ಒಪ್ಪುತ್ತಾರೆ.

ಇನ್ನೊಂದು ಅಪಾಯ ನಿಮ್ಮ ಪತ್ರದಲ್ಲಿ ಎಲ್ಲೂ ಬಂದಿಲ್ಲ. ಒಬ್ಬರೇ ಪ್ರಾಯೋಜಕರು ಅರ್ಧ ಖರ್ಚು ಹೊರುವುದೇ ಅಪಾಯ. ನಾವೊಮ್ಮೆ ಹೀಗೆ ಒಬ್ಬರನ್ನೇ ನಂಬಿದ್ದೆವು. ಬಾಯಿ ಮಾತಿನಲ್ಲಿ ಎಲ್ಲ ಮುಗಿದಿತ್ತು. ಸಮ್ಮೇಳನಕ್ಕೆ ಮೂರು ವಾರ ಇರುವಾಗ ಅಲ್ಲಿನ ಮ್ಯಾನೇಜರ್‌ಗೆ ವರ್ಗವಾಯಿತು. ಹೊಸಬರು ‘ನನ್ನ ಫೈಲಿನಲ್ಲಿ ಇಂಥದ್ದೇನೂ ಇಲ್ಲ’ ಎಂದರು. ಅಚ್ಚಾಗಿ ಬಂದಿದ್ದ ಬ್ಯಾನರ್‌ಗಳು ನಮ್ಮ ಆಫೀಸಿನ ಮೂಲೆಯಲ್ಲಿ ಸುತ್ತಿಟ್ಟಂತೆಯೇ ಇದ್ದವು. ಆ ಮೂರು ವಾರ ಮನೆಮನೆಗೆ ಹೋದ ಹಾಗೆ ಅಂಗಡಿ ಅಂಗಡಿಗೆ ಹೋಗಿ ಕೇಳಿದೆವು. ಆವತ್ತಿನಿಂದ ನಮ್ಮ ನಿಯಮ ಹೀಗಿದೆ: ಯಾರೇ ಆಗಲಿ ಒಟ್ಟು ಖರ್ಚಿನ ಐದನೇ ಒಂದು ಪಾಲಿಗಿಂತ ಜಾಸ್ತಿ ಕೊಡುವಂತಿಲ್ಲ. ಒಪ್ಪಂದ ಬರಹದಲ್ಲಿ. ಅರ್ಧ ಹಣ ಸಹಿಯ ದಿನ, ಉಳಿದರ್ಧ ಸಮ್ಮೇಳನಕ್ಕೆ 30 ದಿನ ಮೊದಲು. ಹಣ ಸಂಘದ ಖಾತೆಗೇ ಬರಬೇಕು, ಯಾರ ಸ್ವಂತ ಖಾತೆಗೂ ಅಲ್ಲ. ಪ್ರಾಯೋಜಕತ್ವ ಬೇರೆ, ದೇಣಿಗೆ ಬೇರೆ. ಬದಲಿಗೆ ಪ್ರಚಾರ ಕೊಟ್ಟರೆ ತೆರಿಗೆ ಬೀಳುವುದುಂಟು. ರಸೀದಿ ಬರೆಯುವ ಮೊದಲು ಲೆಕ್ಕ ಪರಿಶೋಧಕರನ್ನು ಒಂದು ಮಾತು ಕೇಳಿ.

ಹಾಗಾದರೆ ಉಳಿದ ಹಣ ಎಲ್ಲಿಂದ? 60 ಪತ್ರಕ್ಕೆ ನಾಲ್ಕೇ ಉತ್ತರ ಬಂದದ್ದಕ್ಕೆ ಬೇಸರ ಬೇಡ. ‘ವ್ಯವಸ್ಥಾಪಕರಿಗೆ’ ಎಂದು ವಿಳಾಸ ಬರೆದ ಪತ್ರ ಯಾರ ಮೇಜಿಗೂ ಸೇರಿದ್ದಲ್ಲ. ಈಗ ಮಾಡಬೇಕಾದದ್ದು ಖರ್ಚನ್ನು ಚೂರು ಮಾಡುವುದು. ಮೊದಲ ದಿನದ ಎರಡು ಹೊತ್ತಿನ ಚಹಾ ಒಂದು ಚೂರು. ಧ್ವನಿವರ್ಧಕ, ಪ್ರೊಜೆಕ್ಟರ್ ಒಂದು. ಹೊಲ ನೋಡಲು ಹೋಗುವ ಬಸ್ಸು ಒಂದು. ಹೊಸದಾಗಿ ಸೇರಿದ 20 ಶಿಕ್ಷಕರ ಪ್ರಯಾಣ ಖರ್ಚು ಒಂದು. ಇದು ಬೇಗ ಹೋಗುತ್ತದೆ, ಕೊಡುವವರಿಗೆ ಕಣ್ಣ ಮುಂದೆ ಮುಖ ಕಾಣುತ್ತದೆ ನೋಡಿ. ಪ್ರತಿ ಚೂರಿಗೂ ಒಂದು ಮೊತ್ತ ಬರೆಯಿರಿ, ಬದಲಿಗೆ ಏನು ಸಿಗುತ್ತದೆ ಎಂದೂ ಬರೆಯಿರಿ: ಮಳಿಗೆ, ಸ್ಮರಣ ಸಂಚಿಕೆಯಲ್ಲಿ ಒಂದು ಪುಟ, ವೇದಿಕೆಯಿಂದ ಒಂದು ಕೃತಜ್ಞತೆ. ಎಲ್ಲ ಸೇರಿ ಒಂದೇ ಹಾಳೆ. ಹತ್ತು ಪುಟದ ಕಿರುಹೊತ್ತಗೆ ಯಾರೂ ಓದುವುದಿಲ್ಲ.

ಹಣವೇ ಆಗಬೇಕೆಂದೂ ಇಲ್ಲ. ಮಣ್ಣಿನ ರಸಸಾರ ನೋಡುವ ಮೀಟರ್, ಮಣ್ಣು ಪರೀಕ್ಷೆಯ ಕಿಟ್, ಸೂಕ್ಷ್ಮದರ್ಶಕ, ಕಸಿ ಕಟ್ಟುವ ಚಾಕು ಮಾರುವವರಿಗೆ ನಿಮ್ಮ ಶಿಕ್ಷಕರೇ ಗ್ರಾಹಕರು. ಒಂದು ಕಾರ್ಯಾಗಾರಕ್ಕೆ ಬೇಕಾದ ಸಾಮಾನನ್ನು ಎರಡು ದಿನದ ಮಟ್ಟಿಗೆ ಕೊಡಿ ಎಂದರೆ ಸಂತೋಷವಾಗಿ ಕೊಡುತ್ತಾರೆ. ಡೈರಿ ಸಹಕಾರ ಸಂಘ, ಗ್ರಂಥ ಪ್ರಕಾಶಕರು, ಹನಿ ನೀರಾವರಿಯವರು, ಬ್ಯಾಂಕು, ವಿಮೆಯವರು, ನಿಮ್ಮಲ್ಲೇ ಓದಿ ಈಗ ಸ್ವಂತ ನರ್ಸರಿ ನಡೆಸುವ ಹಳೆಯ ವಿದ್ಯಾರ್ಥಿಗಳು, ಇವರೆಲ್ಲ ನಿಮ್ಮ 60ರ ಪಟ್ಟಿಯಲ್ಲಿ ಇಲ್ಲ. ನಿಮ್ಮ ಪಟ್ಟಿಯಲ್ಲಿ ಇರುವುದು ದೊಡ್ಡ ಹೆಸರುಗಳು ಮಾತ್ರ. ದೊಡ್ಡ ಕಂಪನಿಯ ಬಜೆಟ್ ಅವರ ಆರ್ಥಿಕ ವರ್ಷ ಶುರುವಾಗುವ ಮೊದಲೇ ಮುಗಿದಿರುತ್ತದೆ. ಹತ್ತಿರದ ಶಾಖೆಯವರ ಕೈಯಲ್ಲಿ ಒಂದಿಷ್ಟು ಸಣ್ಣ ಮೊತ್ತ ಇರುತ್ತದೆ, ಅವರು ಒಂದೇ ದಿನದಲ್ಲಿ ಹೂಂ ಎನ್ನಬಲ್ಲರು. ಪತ್ರ ಕೊಟ್ಟು ಬಂದ ಮೇಲೆ ವಾರದೊಳಗೆ ಒಂದು ಫೋನ್. ಇಷ್ಟು ಮಾಡದೆ ಪತ್ರ ಕಳಿಸುವುದೇ ಬೇಡ.

ಖುದ್ದು ಹೋಗಿ ಕೇಳುವುದಕ್ಕೂ ಮೇಲ್ ಮಾಡುವುದಕ್ಕೂ ಎಷ್ಟು ವ್ಯತ್ಯಾಸ ಎಂದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗ ಲೆಕ್ಕ ಹಾಕಿತು. ಅಪರಿಚಿತರಿಗೆ ಒಂದು ಸಣ್ಣ ಸಮೀಕ್ಷೆ ತುಂಬಿಕೊಡಿ ಎಂದು ಎದುರಿಗೆ ನಿಂತು ಕೇಳಿದಾಗ ಸಿಕ್ಕ ಒಪ್ಪಿಗೆ ಇಮೇಲ್‌ನಲ್ಲಿ ಸಿಕ್ಕಿದ್ದರ 34 ಪಟ್ಟು. ಕೇಳುವ ಮೊದಲು ಇಮೇಲ್ ಮಾಡುವವರೂ ಎದುರಿಗೆ ಕೇಳುವವರೂ ತಮಗೆ ಹೆಚ್ಚುಕಡಿಮೆ ಒಂದೇ ಥರ ಉತ್ತರ ಸಿಗುತ್ತದೆ ಎಂದುಕೊಂಡಿದ್ದರು. ನಾವೆಲ್ಲ ಹಾಗೇ ಅಂದುಕೊಳ್ಳುತ್ತೇವೆ.

ಇದೇ ಮಾತು ನಿಮ್ಮ 240 ಜನರ ಗುಂಪಿಗೂ ಸಲ್ಲುತ್ತದೆ. ‘ಈಗಿನವರಿಗೆ ಸಂಘದ ಮೇಲೆ ಪ್ರೀತಿ ಇಲ್ಲ’ ಎಂದು ಬರೆದಿದ್ದೀರಿ. ದಯವಿಟ್ಟು ಆ ತೀರ್ಮಾನಕ್ಕೆ ಬರಬೇಡಿ. 1968ರಲ್ಲಿ ಡಾರ್ಲಿ ಮತ್ತು ಲತಾನೆ ಎಂಬ ಮನಃಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಪಕ್ಕದ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದ ಸದ್ದು ಕೇಳಿಸುತ್ತದೆ. ಕೇಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ಸದ್ದು ನಿಲ್ಲುವ ಮೊದಲೇ ಎದ್ದು ಹೋಗಿ ಹೇಳಿದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ. 31 ಮಾತ್ರ. ಕೂತವರಿಗೆ ಕರುಣೆ ಇರಲಿಲ್ಲ ಅಂತಲ್ಲ. ಇನ್ಯಾರಾದರೂ ಹೋಗಿರುತ್ತಾರೆ ಎಂದುಕೊಂಡರು. ನಾಲ್ವರಿಗೇ ಹಾಗಾದರೆ 240 ಜನರ ಗುಂಪಿನಲ್ಲಿ ಏನಾಗಬೇಕು?

ಗುಂಪಿಗೆ ಹಾಕುವುದನ್ನು ನಿಲ್ಲಿಸಿ. ಹೆಬ್ಬೆರಳು ಒತ್ತಿದ ಆ ಐವತ್ತು ಜನರ ಪಟ್ಟಿ ಮಾಡಿ, ಒಬ್ಬೊಬ್ಬರಿಗೇ ಫೋನ್ ಮಾಡಿ. ಫೋನ್ ಮಾಡುವಾಗ ಕೈಯಲ್ಲಿ ಒಂದು ಚೀಟಿ ಇರಲಿ. ನಾವು ಬರೆಯುವ ಚೀಟಿ ಹೀಗಿರುತ್ತದೆ:

‘ಮೊದಲ ದಿನ ಬೆಳಿಗ್ಗೆ 7:30ರಿಂದ 10:30. ನೋಂದಣಿ ಕೌಂಟರ್, ಅ ಇಂದ ಣ ವರೆಗಿನ ಹೆಸರುಗಳು. ಬ್ಯಾಡ್ಜ್, ಚೀಲ ಕೊಟ್ಟು ಸಹಿ ಹಾಕಿಸುವುದು. ಹೆಸರು ಪಟ್ಟಿಯಲ್ಲಿ ಇಲ್ಲದವರನ್ನು ಪಕ್ಕದ ಮೇಜಿಗೆ ಕಳಿಸುವುದು, ಅಲ್ಲಿ ಖಜಾಂಚಿ ಇರುತ್ತಾರೆ. 10:30ಕ್ಕೆ ಇನ್ನೊಬ್ಬರು ಬಂದು ನಿಮ್ಮನ್ನು ಬಿಡಿಸುತ್ತಾರೆ.’

ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಏಕೆ ಎಂದು ಹೇಳುತ್ತೇನೆ. ನಾನು ಹೊಣೆ ಹೊತ್ತ ಮೊದಲ ಸಮ್ಮೇಳನದಲ್ಲಿ ನೋಂದಣಿಗೆ ಇಬ್ಬರನ್ನು ಕೂರಿಸಿದ್ದೆವು. ಪಟ್ಟಿಯನ್ನು ಅಕ್ಷರ ಕ್ರಮದಲ್ಲಿ ಮಾಡಿರಲಿಲ್ಲ, ಶುಲ್ಕ ಕಟ್ಟಿದ ದಿನಾಂಕದ ಪ್ರಕಾರ ಇತ್ತು. 8:40ರ ಹೊತ್ತಿಗೆ ಎರಡು ಬಸ್ಸಿನ ಜನ ಒಟ್ಟಿಗೆ ಇಳಿದರು. ಒಂದೊಂದು ಹೆಸರಿಗೂ ಹನ್ನೊಂದು ಹಾಳೆ ತಿರುವಬೇಕು. ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಹೋಯಿತು. ಅಲ್ಲಿ ಕೂತಿದ್ದ ಯುವ ಶಿಕ್ಷಕಿ ಬೆರಳನ್ನು ಹಾಳೆಯ ಮೇಲೆ ಜಾರಿಸುತ್ತಾ, ತಲೆ ಎತ್ತದೆ ‘ಒಂದ್ನಿಮಿಷ ಸರ್, ಒಂದ್ನಿಮಿಷ’ ಎನ್ನುತ್ತಲೇ ಇದ್ದರು. ಅವರು ಕೇಳಬೇಕೆಂದು ಬಂದಿದ್ದ ಗೋಷ್ಠಿ ಆ ಹೊತ್ತಿಗೆ ಒಳಗೆ ಶುರುವಾಗಿತ್ತು, ಚಪ್ಪಾಳೆ ಹೊರಗೆ ಕೇಳಿಸುತ್ತಿತ್ತು. ಒಂದು ಗಂಟೆಗೆ ನಾನು ಹೋಗಿ ನೋಡಿದಾಗ ಮೇಜಿನ ಮೇಲೆ ಅವರ ಬ್ಯಾಡ್ಜ್ ಮಾತ್ರ ಇತ್ತು. ಮುಂದಿನ ಸಮ್ಮೇಳನಕ್ಕೂ ಅವರು ಬರಲಿಲ್ಲ. ಅವರನ್ನು ಬಿಡಿಸಲು ಯಾರನ್ನೂ ಗೊತ್ತು ಮಾಡದಿದ್ದದ್ದು ನನ್ನ ತಪ್ಪು. ನಿಮ್ಮ ಸ್ವಯಂಸೇವಕರೂ ಪಾಠ ಕೇಳಲು ಬಂದ ಶಿಕ್ಷಕರೇ. ಯಾರಿಗೂ ಒಂದಕ್ಕಿಂತ ಜಾಸ್ತಿ ಗೋಷ್ಠಿ ತಪ್ಪದ ಹಾಗೆ ಪಾಳಿ ಹಾಕಿ.

ಎರಡು ದಿನದ ಸಮ್ಮೇಳನಕ್ಕೆ ಮೂರು ಗಂಟೆಯ ಪಾಳಿ ಲೆಕ್ಕದಲ್ಲಿ ಬರೆಯುತ್ತಾ ಹೋದರೆ ಮೂವತ್ತು, ನಲವತ್ತು ಚೀಟಿ ಆಗುತ್ತವೆ. ನೋಂದಣಿ, ಪ್ರತಿ ಕೋಣೆಗೆ ಒಬ್ಬರು ಸಮಯ ನೋಡುವವರು, ಪ್ರೊಜೆಕ್ಟರ್, ಉಪನ್ಯಾಸಕರನ್ನು ಕರೆತರುವವರು, ಬಸ್ಸಿನಲ್ಲಿ ತಲೆ ಎಣಿಸುವವರು, ಪ್ರಥಮ ಚಿಕಿತ್ಸೆ, ಕೊನೆಯಲ್ಲಿ ಮಳಿಗೆ ಬಿಚ್ಚುವಾಗ ನಿಲ್ಲುವವರು. ಕಳೆದ ಸಲ ಇಷ್ಟನ್ನೂ ನಿಮ್ಮಲ್ಲಿ ಇಬ್ಬರು ಮಾಡಿದ್ದಾರೆ. ಬಿಟ್ಟು ಹೋದದ್ದರಲ್ಲಿ ಆಶ್ಚರ್ಯ ಏನಿದೆ?

ದುಡ್ಡು ಕೊಡುವ ವಿಚಾರ. ಚಿಲ್ಲರೆ ಹಣ ಕೊಡಬೇಡಿ. 2000ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಪ್ರಯೋಗ ನೆನಪಾಗುತ್ತದೆ. ಮನೆಮನೆಗೆ ಹೋಗಿ ದೇಣಿಗೆ ಎತ್ತುವ ಶಾಲಾ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಏನೂ ಇಲ್ಲ, ಒಂದಕ್ಕೆ ಎತ್ತಿದ್ದರಲ್ಲಿ ಶೇ. 1ರಷ್ಟು ಬಹುಮಾನ, ಇನ್ನೊಂದಕ್ಕೆ ಶೇ. 10. ಜಾಸ್ತಿ ಎತ್ತಿದ್ದು ಏನೂ ಇಲ್ಲದ ಗುಂಪು. ಎಲ್ಲರಿಗಿಂತ ಹಿಂದೆ ಬಿದ್ದದ್ದು ಶೇ. 1ರ ಗುಂಪು. ಸಣ್ಣ ಹಣ ಬಂದ ಕೂಡಲೇ ಪ್ರೀತಿಯ ಕೆಲಸ ಕಡಿಮೆ ಸಂಬಳದ ಕೆಲಸವಾಗಿಬಿಡುತ್ತದೆ. ಆದರೆ ಕೈಯಿಂದ ಖರ್ಚು ಮಾಡಿಸಬೇಡಿ. ಬಸ್ಸಿನ ಹಣ, ಊಟ, ಬೇಗ ಬರುವವರಿಗೆ ಉಳಿಯುವ ಜಾಗ ಕೊಡಿ. ನೋಂದಣಿ ಶುಲ್ಕ ಬಿಡಬಹುದು. ಹೆಸರು ಸಂಚಿಕೆಯಲ್ಲಿ ಅಚ್ಚಾಗಲಿ, ಶಾಲೆಯ ಮುಖ್ಯಸ್ಥರಿಗೆ ಸಂಘದಿಂದ ಒಂದು ಪತ್ರ ಹೋಗಲಿ. ಕೆಲಸದ ಜಾಗದಲ್ಲಿ ರಜೆ ಕೇಳುವಾಗ ಆ ಪತ್ರ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂದು ರಜೆ ಕೇಳಿದವರಿಗೇ ಗೊತ್ತು. ವೇದಿಕೆ ಕಟ್ಟುವುದು, ಸಾಮಾನು ಎತ್ತುವುದು, ರಾತ್ರಿ ಕಾವಲು, ಶೌಚಾಲಯದ ಸ್ವಚ್ಛತೆ ಮಾತ್ರ ಸ್ವಯಂಸೇವಕರಿಗೆ ಹಚ್ಚಬೇಡಿ. ಅದಕ್ಕೆ ಸರಿಯಾದ ಕೂಲಿ ಕೊಟ್ಟು ಜನ ಕರೆಯಿರಿ, ಆ ಖರ್ಚು ಬಜೆಟ್ಟಿನಲ್ಲಿ ಮೊದಲೇ ಇರಲಿ.

ವಿದ್ಯಾರ್ಥಿಗಳನ್ನು ಕರೆಯೋಣವೇ ಎಂದೂ ಕೇಳಿದ್ದೀರಿ. ಕರೆಯಿರಿ, ಅವರಿಗೂ ಕಲಿಕೆ. ಆದರೆ ತಮ್ಮ ಮೇಷ್ಟ್ರು ಕೇಳಿದಾಗ ಮಕ್ಕಳಿಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಅಂಕಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದು ಮೊದಲೇ ಹೇಳಿ. 18 ತುಂಬದವರಿದ್ದರೆ ಮನೆಯವರ ಒಪ್ಪಿಗೆ ಬೇಕು, ಸಂಜೆಯ ಪಾಳಿ ಬೇಡ. ಪ್ರಾಯೋಜಕರ ಮಳಿಗೆಯಲ್ಲಿ ಅವರನ್ನು ನಿಲ್ಲಿಸುವುದಂತೂ ಬೇಡವೇ ಬೇಡ.

ಕೀಟನಾಶಕ ಕಂಪನಿಗೆ ಏನು ಬರೆಯಬೇಕು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ನಿಮ್ಮ ದೊಡ್ಡ ಮನಸ್ಸಿಗೆ ಕೃತಜ್ಞತೆ. ಒಬ್ಬ ಪ್ರಾಯೋಜಕರಿಂದ ಐದನೇ ಒಂದು ಪಾಲಿಗಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ ಎಂಬುದು ನಮ್ಮ ಸಂಘದ ಪದ್ಧತಿ. ಗೋಷ್ಠಿಗಳ ವಿಷಯ, ಉಪನ್ಯಾಸಕರು, ಸದಸ್ಯರ ನಂಬರ್, ಸಮ್ಮೇಳನದ ಹೆಸರು ಯಾವ ಪ್ರಾಯೋಜಕರಿಗೂ ಕೊಡುವುದಿಲ್ಲ. ಮಳಿಗೆ, ಸಂಚಿಕೆಯಲ್ಲಿ ಒಂದು ಪುಟ, ಲೇಬಲ್ ಓದುವುದು ಮತ್ತು ರಕ್ಷಣಾ ಉಡುಪಿನ ಪ್ರಾತ್ಯಕ್ಷಿಕೆಗೆ ಬೇಕಾದ ಸಾಮಗ್ರಿ, ಇವುಗಳಲ್ಲಿ ಯಾವುದಕ್ಕೆ ಬೇಕಾದರೂ ನಿಮಗೆ ಸ್ವಾಗತ.’ ಮಳಿಗೆಯಲ್ಲಿ ಏನು ನಡೆಯಬಹುದು ಎನ್ನುವುದಕ್ಕೆ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಮಾಡಿದ ಕೀಟನಾಶಕ ನಿರ್ವಹಣೆಯ ಅಂತರರಾಷ್ಟ್ರೀಯ ಸಂಹಿತೆ ಇದೆ. ಮೊದಲು ಬಂದದ್ದು 1985ರಲ್ಲಿ. ‘ಸುರಕ್ಷಿತ’, ‘ಅಪಾಯ ಇಲ್ಲ’ ಎಂದು ಬರಿದೇ ಜಾಹೀರಾತು ಮಾಡಬಾರದು, ಕೊಳ್ಳಲೆಂದು ಉಡುಗೊರೆಯ ಆಸೆ ತೋರಿಸಬಾರದು ಎಂದು ಅದರಲ್ಲಿದೆ. ಅದನ್ನು ಒಪ್ಪಂದದಲ್ಲಿ ಒಂದು ಸಾಲಾಗಿ ಸೇರಿಸಿ. ಅವರು ಒಪ್ಪದೆ ಹಿಂದೆ ಸರಿಯಬಹುದು. ಹಾಗಾದರೆ ಒಂದು ದಿನದ ಸಮ್ಮೇಳನ ಮಾಡಿ, ಅಥವಾ ಸಭಾಂಗಣ ಬಿಟ್ಟು ಯಾವುದಾದರೂ ಶಾಲೆಯ ಕೋಣೆಗಳಲ್ಲಿ ಮಾಡಿ. ಒಮ್ಮೆ ನಾವು ಹಾಗೆ ಮಾಡಿದೆವು. ಪಕ್ಕದಲ್ಲೇ ಶಾಲೆಯ ತೋಟ ಇದ್ದುದರಿಂದ ಆ ವರ್ಷದ ಕಸಿ ಕಾರ್ಯಾಗಾರ ಗಿಡದ ಬುಡದಲ್ಲೇ ನಡೆಯಿತು.

ಇನ್ನು ‘ನನ್ನನ್ನು ಕರೆಯಬೇಡಿ’ ಎಂದವರು. ಈ ವಾರವೇ ಅವರ ಮನೆಗೆ ಹೋಗಿ ಬನ್ನಿ. ಸಹಾಯ ಕೇಳಲು ಹೋಗಬೇಡಿ. ಬರೆದ ಚೀಟಿಗಳನ್ನೆಲ್ಲ ಅವರ ಮುಂದೆ ಹರವಿ, ‘ಕಳೆದ ಸಲ ನೀವು ಮಾಡಿದ್ದರಲ್ಲಿ ಇದರಲ್ಲಿ ಯಾವುದು ಬಿಟ್ಟು ಹೋಗಿದೆ ನೋಡಿ’ ಎಂದು ಕೇಳಿ. ಹತ್ತಾದರೂ ಹೊಸ ಚೀಟಿ ಹುಟ್ಟುತ್ತವೆ. ಅವನ್ನು ಬರೆದುಕೊಂಡು, ಕಳೆದ ಸಲದ್ದಕ್ಕೆ ಕ್ಷಮೆ ಕೇಳಿ, ಎದ್ದು ಬನ್ನಿ.